ಬೆಕ್ಕಿಗೆ ಹೊಸೆದ ಹುರಿ

ಮೇ ೧೯, ಸೋಮವಾರ

ಚೆಂಡು ಹಿಸುಕಬೇಕಾದದ್ದು ಮೂವತ್ತು ಸಲ. ಹಿಸುಕಿದ್ದು ನಾಲ್ಕು ಸಲ. ಎಡಪುಟದಲ್ಲಿ ಬರೆದದ್ದು ಮೂವತ್ತು.

ಈ ನೋಟ್‌ಬುಕ್ ಕೊಟ್ಟವಳು ಯೋಗಿತಾ. ಹದಿನೈದು ದಿನಕ್ಕೊಮ್ಮೆ ಶಿರೂರ ಅನಂತಪಾಳದಿಂದ ಬಸ್ಸು ಹತ್ತಿ ಉದಗೀರಕ್ಕೆ ಬಂದು, ನನ್ನ ಎಡಗೈಯನ್ನು ಒದ್ದೆ ಬಟ್ಟೆ ಹಿಂಡಿದಂತೆ ಹಿಂಡಿ ಹೋಗುವ ವ್ಯಾಯಾಮದ ಹುಡುಗಿ. ಎಡಪುಟದಲ್ಲಿ ಹಳದಿ ರಬ್ಬರ್ ಚೆಂಡಿನ ಲೆಕ್ಕ ಬರೆಯಬೇಕಂತೆ. ಬಲಪುಟಕ್ಕೆ ಏನು ಎಂದು ಕೇಳಿದೆ. ಖಾಲಿ ಬಿಡಿ ಎಂದಳು. ಮೂವತ್ತೆಂಟು ವರ್ಷ ಬಟ್ಟೆ ಅಂಗಡಿ ನಡೆಸಿ ಒಂದು ಗೇಣು ತುಂಡನ್ನೂ ಸುಮ್ಮನೆ ಬಿಡದವನಿಗೆ ಇಡೀ ಪುಟ ಖಾಲಿ ಬಿಡಲು ಹೇಳುತ್ತಾಳೆ.

ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ಒಂದು ಅನುಕೂಲ ಇದೆ. ಈ ಮನೆಯಲ್ಲಿ ಕನ್ನಡ ಆಡಲು ಎಲ್ಲರಿಗೂ ಬರುತ್ತದೆ, ಓದಲು ಬರುವುದು ನನಗೊಬ್ಬನಿಗೆ. ಚಿಕ್ಕಂದಿನಲ್ಲಿ ಭಾಲ್ಕಿಯ ಸೋದರಮಾವನ ಮನೆಯಲ್ಲಿದ್ದು ಕಲಿತದ್ದು. ಮಗ ನಿಲೇಶ, ಸೊಸೆ ದೀಪಾಲಿ ಇಬ್ಬರೂ ಮರಾಠಿ ಶಾಲೆಯವರು. ನನ್ನ ಹೆಂಡತಿ ಉಮಾಬಾಯಿಯ ಓದು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುವುದಕ್ಕೆ ಮುಗಿಯುತ್ತದೆ. ಆದ್ದರಿಂದ ಎಲ್ಲರನ್ನೂ ಇಲ್ಲಿ ಬೈಯಬಹುದು.

ಮೇ ೨೨, ಗುರುವಾರ

ಮಾರ್ಚಿನಲ್ಲಿ ಅಂಗಡಿಯ ಗಾದಿಯ ಮೇಲೆ ಕುಳಿತು ಒಬ್ಬ ಹೆಣ್ಣುಮಗಳಿಗೆ ಕುಪ್ಪಸದ ಬಟ್ಟೆ ಅಳೆದು ಕೊಡುತ್ತಿದ್ದಾಗ ಎಡಗೈ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಲಕ್ವಾ ಎಂದರು. ಕಾಲು ಸರಿಹೋಯಿತು. ಬಾಯಿಯೂ ಸರಿಹೋಯಿತು, ಅದು ಸ್ವಲ್ಪ ತಡವಾಗಿದ್ದರೂ ನಡೆಯುತ್ತಿತ್ತು ಎಂಬುದು ಉಮಾಬಾಯಿಯ ಅಭಿಪ್ರಾಯ. ಕೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತಿದೆ.

ಊಟಕ್ಕೆ ಬಲಗೈ ಇದೆ. ಅಂಗಡಿಗೆ ನಿಲೇಶ ಇದ್ದಾನೆ. ಲಿಂಗಪೂಜೆಗೆ ಮಾತ್ರ ಎಡ ಅಂಗೈಯೇ ಬೇಕು, ಅದಕ್ಕೆ ಬದಲಿ ಇಲ್ಲ. ಎಂಟನೆಯ ವಯಸ್ಸಿನಿಂದ ಒಂದು ದಿನ ತಪ್ಪದೆ ನನ್ನ ಲಿಂಗ ನನ್ನ ಅಂಗೈ ಮೇಲೆ ಕೂತಿದೆ. ಈಗ ಉಮಾಬಾಯಿ ಸಣ್ಣ ಮಣೆ ಇಟ್ಟು, ಬಿಳಿ ವಸ್ತ್ರ ಮಡಚಿ ಹಾಸುತ್ತಾಳೆ. ಇವತ್ತು ಮಣೆ ಬೇಡ ಎಂದು ಹಟ ಹಿಡಿದೆ. ಬಲಗೈಯಿಂದ ಬೆರಳು ಎಳೆದು ಬಿಡಿಸಿ ಲಿಂಗ ಇಟ್ಟುಕೊಂಡೆ. ಬೆರಳು ಮತ್ತೆ ಮಡಚಿದವು, ಅಂಗೈ ಓರೆಯಾಯಿತು, ಲಿಂಗ ಜಾರಿತು. ಉಮಾಬಾಯಿ ಸೆರಗೊಡ್ಡದಿದ್ದರೆ ನೆಲಕ್ಕೆ ಬೀಳುತ್ತಿತ್ತು. ಆಕೆಯೇ ಮತ್ತೆ ಮಣೆ ತಂದಿಟ್ಟಳು.

ಶ್ರಾವಣದ ಕೊನೆಯ ಸೋಮವಾರ ಪೇಟೆಯ ಮಠದಲ್ಲಿ ಎಲ್ಲರೂ ಸಾಲಾಗಿ ಕುಳಿತು ಲಿಂಗಪೂಜೆ ಮಾಡುತ್ತೇವೆ. ಮೊದಲ ಸಾಲಿನ ಮೊದಲ ಜಾಗ ಇಪ್ಪತ್ತಾರು ವರ್ಷದಿಂದ ನನ್ನದು. ಅಲ್ಲಿ ನಾನು ಮಣೆ ಇಟ್ಟುಕೊಂಡು ಕೂರುವುದಿಲ್ಲ. ಅಂಗೈ ಮೇಲೆ ಹಿಡಿದರೆ ಹೋಗುತ್ತೇನೆ, ಇಲ್ಲದಿದ್ದರೆ ಮನೆಯಲ್ಲಿರುತ್ತೇನೆ. ನಾನು ಹೋಗದಿದ್ದರೆ ಆ ಜಾಗಕ್ಕೆ ಗುರುಲಿಂಗಪ್ಪ ಬರುತ್ತಾನೆ. ಧಾನ್ಯದ ವ್ಯಾಪಾರಿ, ಪಕ್ಕದ ಮನೆಯವನು. ನಮ್ಮಿಬ್ಬರ ಮನೆಗೆ ಗೋಡೆ ಒಂದೇ, ಮೋರಿ ಒಂದೇ, ಜಗಳವೂ ಒಂದೇ, ಆ ಮೋರಿಯದು.

ಇನ್ನು ಈ ಕೈಯ ಕಡೆ ನೋಡುವುದೇ ಇಲ್ಲ. ಸತ್ತ ಸರಕು.

ಮೇ ೨೭, ಮಂಗಳವಾರ

ಮನೆಯಲ್ಲಿ ಬೆಕ್ಕು. ದೀಪಾಲಿಯ ಕೆಲಸ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಸಿಕ್ಕಿತಂತೆ. ಕಪ್ಪು ಬಿಳಿ ಮರಿ, ಒಂದು ಕಿವಿ ಹರಿದಿದೆ, ಹೆಸರು ಚಿಂಗಿ. ಆಕೆ ಅಂಗಡಿಯ ತುಂಡು ಬಟ್ಟೆಗಳನ್ನು ಒಟ್ಟು ಹಾಕಿ ಅದಕ್ಕೊಂದು ಪುಟ್ಟ ಗೋಧಡಿ ಹೊಲಿದು, ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದಳು. ಪುಣೆಯ ಮೂರು ಜನ ತಮ್ಮ ಬೆಕ್ಕಿಗೂ ಬೇಕು ಎಂದರಂತೆ. ಒಬ್ಬಳು ತನ್ನ ನಾಯಿಗೆ ಪಟ್ಟಾ ಮತ್ತು ಹಗ್ಗ ಕೇಳಿದ್ದಾಳೆ, ಕೈಯಿಂದ ಮಾಡಿದ್ದೇ ಬೇಕು, ಪ್ಲಾಸ್ಟಿಕ್ ಬೇಡ.

ನಿಜಾಮನ ಕಾಲದಿಂದ ಮನುಷ್ಯರಿಗೆ ಬಟ್ಟೆ ಮಾರಿದ ಮನೆತನ ಇದು ಎಂದು ನಿಲೇಶನಿಗೆ ಹೇಳಿದೆ. ಅವನು ಅಂಗಡಿಗೆ ಹೊತ್ತಾಯಿತು ಎಂದು ಚಪ್ಪಲಿ ಹಾಕಿಕೊಂಡ. ಹೆಂಡತಿಗೂ ಅಪ್ಪನಿಗೂ ನಡುವೆ ಸಿಕ್ಕಿಕೊಂಡ ಗಂಡಸಿಗೆ ಚಪ್ಪಲಿ ಯಾವಾಗಲೂ ಹತ್ತಿರದಲ್ಲೇ ಇರುತ್ತದೆ.

ಚೆಂಡು: ಬರೆದದ್ದು ಮೂವತ್ತೈದು. ದಿನಾ ಮೂವತ್ತೇ ಬರೆದರೆ ಸಂಶಯ ಬರುತ್ತದೆ.

ಜೂನ್ ೩, ಮಂಗಳವಾರ

ಇವತ್ತು ನನ್ನ ಮಾನ ಹೋಯಿತು.

ದೀಪಾಲಿ ಪಡಸಾಲೆಯಲ್ಲಿ ಕುಳಿತು ನಾಯಿಯ ಹಗ್ಗ ಹೊಸೆಯುತ್ತಿದ್ದಳು. ನಿಲಂಗಾದಲ್ಲಿ ಬೆಳೆದವಳಿಗೆ ನೂಲಿನ ಗುಣ ಏನು ಗೊತ್ತು. ಎಳೆಗಳನ್ನು ಒಂದೇ ಕಡೆಗೆ ತಿರುವುತ್ತಿದ್ದಳು. ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು. ನೋಡಿ ನೋಡಿ ಸಾಕಾಯಿತು. ಪ್ರತಿ ಶ್ರಾವಣಕ್ಕೆ ಲಿಂಗವನ್ನು ಕೊರಳಿಗೆ ಕಟ್ಟುವ ಶಿವದಾರವನ್ನು ನಾನೇ ಹೊಸೆದುಕೊಂಡವನು. ಎಳೆಗಳನ್ನು ಮೊದಲು ಬಲಕ್ಕೆ ಹುರಿ ಮಾಡಿ, ಆಮೇಲೆ ಎಲ್ಲವನ್ನೂ ಕೂಡಿಸಿ ಎಡಕ್ಕೆ ಹೊಸೆದರೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ, ಜನ್ಮದಲ್ಲಿ ಬಿಚ್ಚುವುದಿಲ್ಲ ಎಂದು ಕೂತಲ್ಲಿಂದಲೇ ಹೇಳಿದೆ. ಒಂದು ತುದಿಯನ್ನು ಗಟ್ಟಿಯಾಗಿ ಯಾವುದಕ್ಕಾದರೂ ಕಟ್ಟಬೇಕು ಎಂದೂ ಹೇಳಿದೆ.

ಆಕೆ ಸುತ್ತಮುತ್ತ ನೋಡಿದಳು. ಎದ್ದು ಬಂದು ತುದಿಯನ್ನು ನನ್ನ ಎಡ ಮುಷ್ಟಿಯೊಳಗೆ ತುರುಕಿದಳು.

"ನಾ ಏನ್ ಗೂಟ ಏನ?"

"ಹೌದ್ರಿ ಮಾಮಾ. ಚಲೋ ಗೂಟ. ಹಿಡದಿದ್ದು ಬಿಡೂದೇ ಇಲ್ಲ."

ಉಮಾಬಾಯಿ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಎರಡು ಗಂಟೆ ನಾನು ಗೂಟವಾಗಿದ್ದೆ. ಹಗ್ಗ ಮಾತ್ರ ಚೆನ್ನಾಗಿ ಬಂತು.

ಜೂನ್ ೧೨, ಗುರುವಾರ

ಚೆಂಡು ಕಳೆದಿದೆ. ಕಳೆದಿದೆ ಅಂದರೆ ಚಿಂಗಿ ಅದನ್ನು ಉರುಳಿಸಿಕೊಂಡು ಹೋಗಿ ಮೋರಿಗೆ ಹಾಕಿತು. ಮೋರಿಯ ಆಚೆ ಗುರುಲಿಂಗಪ್ಪನ ಹದ್ದು. ಅವನ ಬಾಗಿಲಿಗೆ ಹೋಗಿ ನನ್ನ ಚೆಂಡು ಕೊಡು ಎಂದು ಅರವತ್ತಾರನೇ ವಯಸ್ಸಿನಲ್ಲಿ ಕೇಳುವವನು ನಾನಲ್ಲ. ಯಾರಿಗೂ ಹೇಳಿಲ್ಲ. ಎಡಪುಟದಲ್ಲಿ ನಲವತ್ತು ಎಂದು ಬರೆದಿದ್ದೇನೆ.

ಚೆಂಡಿಗೆ ಸಮಯವೂ ಇಲ್ಲ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಗೂಟದ ಕೆಲಸ. ಅದರಲ್ಲೂ ಈಗ ಕಿರಿಕಿರಿ ಹೆಚ್ಚಾಗಿದೆ. ಹುರಿ ಉದ್ದವಾದಂತೆ ಗೂಟ ಹಿಡಿತ ಬಿಟ್ಟು ಮುಂದಕ್ಕೆ ಹಿಡಿಯಬೇಕಂತೆ. ಬಿಡ್ರಿ ಎನ್ನುತ್ತಾಳೆ, ಮುಷ್ಟಿ ಬಿಡುವುದಿಲ್ಲ. ಬೆರಳುಗಳನ್ನು ಒಂದೊಂದಾಗಿ ಎತ್ತುತ್ತಾಳೆ, ತುದಿ ಸರಿಸುತ್ತಾಳೆ, ಮತ್ತೆ ಮುಚ್ಚುತ್ತಾಳೆ. ದಿನಕ್ಕೆ ಅರವತ್ತು ಎಪ್ಪತ್ತು ಸಲ. ಇಂಥ ತ್ರಾಸನ್ನು ಆ ಯೋಗಿತಾ ಕೂಡ ಕೊಟ್ಟಿಲ್ಲ.

ಜೂನ್ ೧೩, ಶುಕ್ರವಾರ

ಬೆಕ್ಕು ನನ್ನ ತೊಡೆಯ ಮೇಲೆ ಮಲಗಿತ್ತು. ಎಬ್ಬಿಸಿದರೆ ಪರಚುತ್ತದೆ ಎಂದು ಮೂತ್ರಕ್ಕೂ ಏಳದೆ ಕುಳಿತಿದ್ದೆ. ಹೆದರಿಕೆಯಿಂದ, ಪ್ರೀತಿಯಿಂದಲ್ಲ.

ಜೂನ್ ೨೫, ಬುಧವಾರ

ಯೋಗಿತಾ ಬಂದಿದ್ದಳು. ಎಡಪುಟಗಳನ್ನು ಓದಿ ತಲೆಯಾಡಿಸಿದಳು. ಕೈ ಹಿಡಿದು ಬೆರಳು ಬಿಡಿಸಿ ನೋಡಿ, ಮೂರು ಬೆರಳು ತಾವಾಗಿಯೇ ಬಿಡುತ್ತಿವೆ ಎಂದಳು. ಚೆಂಡಿನ ವ್ಯಾಯಾಮವನ್ನು ಇಷ್ಟು ನಿಷ್ಠೆಯಿಂದ ಮಾಡಿದ ರೋಗಿಯನ್ನು ತಾನು ನೋಡಿಯೇ ಇಲ್ಲವಂತೆ. ಬೇರೆ ರೋಗಿಗಳಿಗೆ ತೋರಿಸಲು ನನ್ನ ಪುಟದ ಫೋಟೋ ತೆಗೆದುಕೊಂಡಳು.

ಪಾಪ, ಎಳೆಯ ಹುಡುಗಿ. ಬರೆದದ್ದನ್ನೆಲ್ಲ ನಂಬುತ್ತಾಳೆ. ಹುರುಪು ತುಂಬಲು ಎಲ್ಲರಿಗೂ ಮೂರು ಬೆರಳು ಎಂದೇ ಹೇಳುತ್ತಾಳೆಂದು ಕಾಣುತ್ತದೆ. ಮೋಸ ಮಾಡಿದ್ದಕ್ಕೆ ಮನಸ್ಸು ಚುಚ್ಚಿತು. ಹೋಗುವಾಗ ಆಕೆಯ ಮನೆಯ ನಾಯಿಗೆಂದು ಒಂದು ಹಗ್ಗ ಕೊಟ್ಟು ಕಳಿಸಿದೆ. ನಾಲ್ಕೆಳೆಯದು, ನಾನೇ ಗಂಟು ಹಾಕಿದ್ದು.

ಜುಲೈ ೮, ಮಂಗಳವಾರ

ಈ ಸೊಸೆಗೆ ವ್ಯಾಪಾರ ಕಲಿಸುವವರು ಯಾರೂ ಇಲ್ಲ, ನಾನೇ ಕಲಿಸಬೇಕಾಗಿದೆ. ನಾಯಿಗೆ ಏನು ಬೇಕು ಎಂದು ಯೋಚಿಸುತ್ತಾ ಕುಳಿತಿದ್ದಳು. ನಾಯಿ ಅಂಗಡಿಗೆ ಬರುವುದಿಲ್ಲ ತಂಗಿ, ನಾಯಿಯ ಯಜಮಾನ ಬರುತ್ತಾನೆ ಎಂದೆ. ಕೂಸಿನ ಅಂಗಿಯನ್ನು ಕೂಸು ಆರಿಸುತ್ತದೇನು? ತಾಯಿಗೆ ಏನು ಚಿಂತೆ ಇದೆಯೋ ಅದನ್ನು ಹೊಲಿದು ಕೊಟ್ಟರೆ ಅಂಗಿ ತಾನಾಗಿ ಹೋಗುತ್ತದೆ.

ಹಾಗೆ ನೋಡಿದರೆ ಯಜಮಾನರ ಚಿಂತೆಗಳು ಹೆಚ್ಚೇನಿಲ್ಲ. ನಾಯಿ ಚಪ್ಪಲಿ ಕಚ್ಚುತ್ತದೆ. ಅದಕ್ಕೆ ನನ್ನ ಹಳೆಯ ಧೋತರ ಹರಿದು ಬಣ್ಣವಿಲ್ಲದ ಗಂಟಿನ ಹಗ್ಗ ಮಾಡಿದೆವು, ಎಷ್ಟು ಕಚ್ಚಿದರೂ ಹೊಟ್ಟೆಗೆ ಬಣ್ಣ ಹೋಗುವುದಿಲ್ಲ. ಮಳೆಯಲ್ಲಿ ತೋಯ್ದು ಬಂದು ಹಾಸಿಗೆ ಹತ್ತುತ್ತದೆ. ಅದಕ್ಕೆ ಟಾವೆಲ್ ಬಟ್ಟೆಯ ಅಂಗಿ, ಹೊಟ್ಟೆಯ ಕೆಳಗೆ ಕಟ್ಟುವ ಕಸಿ. ಬೆಕ್ಕನ್ನು ಡಾಕ್ಟರ ಹತ್ತಿರ ಒಯ್ಯುವುದು ಹೇಗೆ. ಅದಕ್ಕೆ ಗಟ್ಟಿ ಖಾದಿಯ ಜೋಳಿಗೆ, ತಲೆ ಹೊರಗೆ ಬರಲು ಒಂದು ತೂತು. ತೂತಿನ ಅಳತೆಗೆ ಚಿಂಗಿಯನ್ನು ಹಿಡಿದುಕೊಳ್ಳಲು ಇಬ್ಬರು ಬೇಕಾದರು. ಉಮಾಬಾಯಿ ಹಿಂದಿನ ಕಾಲು, ನಾನು ಮುಂದಿನ ಕಾಲು.

ಯೆಣೆಗೂರಿನ ಒಬ್ಬ ಢಾಬಾದವನು ಅಂಗಡಿಗೆ ಬಂದಿದ್ದಾಗ ನಿಲೇಶನ ಮುಂದೆ ಅತ್ತನಂತೆ. ಅವನು ಸಾಕಿದ ನಾಲ್ಕು ನಾಯಿಗಳಲ್ಲಿ ಎರಡು ಹೆದ್ದಾರಿಯ ಲಾರಿಗೆ ಸಿಕ್ಕವು. ಅದನ್ನು ಕೇಳಿದ ಮೇಲೆ ಊಟ ಸೇರಲಿಲ್ಲ. ಸಂಜೆ ನಾನೇ ಕುಳಿತು, ಸೈಕಲ್ಲಿನವರು ಹಚ್ಚುವ ಹೊಳೆಯುವ ಪಟ್ಟಿ ತರಿಸಿ, ಅಗಲವಾದ ಎರಡು ಪಟ್ಟಾ ಮಾಡಿದೆ. ನಿಲೇಶ ಸ್ಕೂಟರಿನ ದೀಪ ಹಚ್ಚಿದಾಗ ಬೀದಿಯ ಕೊನೆಯಿಂದಲೂ ಕಂಡವು. ಢಾಬಾದವನಿಂದ ದುಡ್ಡು ತೆಗೆದುಕೊಳ್ಳಬೇಡ ಎಂದು ಹೇಳಿದ್ದೇನೆ.

ಹೆಬ್ಬೆರಳು ಸೂಜಿ ಚುಚ್ಚಿ ನೋಯುತ್ತಿದೆ. ಎಡಗೈಯ ಹೆಬ್ಬೆರಳು. ಬಟ್ಟೆ ಹಿಡಿಯುವಾಗ ಅಡ್ಡ ಬರುತ್ತದೆ, ತೊಂದರೆಯ ವಸ್ತು.

ಚೆಂಡು: ಬರೆಯಲು ಮರೆತೆ.

ಜುಲೈ ೧೯, ಶನಿವಾರ

ಪುಣೆಯಿಂದ ಒಂದೇ ಬೇಡಿಕೆ ಹನ್ನೊಂದು ಜನರದು. ಬೆಕ್ಕು ಮನೆ ಬಿಟ್ಟು ಹೋದರೆ ಸಿಕ್ಕವರು ಫೋನ್ ಮಾಡುವಂತೆ ಕೊರಳಿಗೆ ಏನಾದರೂ ಕಟ್ಟಬೇಕು. ತಗಡಿನ ಬಿಲ್ಲೆ ಕಿಣಿಕಿಣಿ ಎನ್ನುತ್ತದೆ, ಬೆಕ್ಕಿಗೆ ಆಗಿಬರುವುದಿಲ್ಲ.

ಸಣ್ಣ ಬಟ್ಟೆಯ ಚೀಲ, ಒಳಗೆ ಹೆಸರು ವಿಳಾಸದ ಚೀಟಿ ಎಂದೆ. ಚೀಲವನ್ನು ಹೊಲಿದವನೂ ನಾನೇ. ಬಿಳಿ ಬಟ್ಟೆ, ಎರಡು ಬೆರಳಗಲ, ಬಾಯಿಗೆ ಮಡಿಕೆ, ಬಿಳಿ ನೂಲಿನ ಹುರಿ. ಒಂದೇ ವ್ಯತ್ಯಾಸ ಇಟ್ಟಿದ್ದೇನೆ. ಬೆಕ್ಕು ಗಿಡ ಹತ್ತುತ್ತದೆ, ಕೊಂಬೆಗೆ ಸಿಕ್ಕರೆ ನೇಣಾಗುತ್ತದೆ. ಆದ್ದರಿಂದ ಹುರಿಗೂ ಚೀಲದ ಬಾಯಿಗೂ ನಡುವೆ ಒಂದು ಕಡೆ ಹಸಿ ನೂಲಿನ ಕುಣಿಕೆ, ಜೋರಾಗಿ ಜಗ್ಗಿದರೆ ಅದು ಹರಿಯಬೇಕು. ಶಿವದಾರ ಹರಿಯಬಾರದು, ಬೆಕ್ಕಿನ ದಾರ ಹರಿಯಲೇಬೇಕು. ಐವತ್ತು ವರ್ಷ ಹರಿಯದ ಹಾಗೆ ಹೊಸೆದವನಿಗೆ ಹರಿಯುವ ಹಾಗೆ ಹೊಸೆಯುವುದು ಎಷ್ಟು ಕಷ್ಟ ಎಂದು ಇವತ್ತು ಗೊತ್ತಾಯಿತು. ಏಳು ಸಲ ಕೆಡಿಸಿದೆ.

ಪುಣೆಯವರಿಗೆ ಮರಾಠಿ ಚೀಟಿ. ಚಿಂಗಿಯ ಚೀಟಿಯನ್ನು ಮಾತ್ರ ಕನ್ನಡದಲ್ಲಿ ಬರೆದೆ, ಮನೆಯ ಬೆಕ್ಕಿಗೆ ಮನೆಯ ಮಾತು. ಬರೆಯುತ್ತಾ ಒಬ್ಬನೇ ನಕ್ಕದ್ದಕ್ಕೆ ಉಮಾಬಾಯಿ ಮತ್ತೆ ಬಾಯಿಗೇನಾದರೂ ಆಯಿತೇ ಎಂದು ಓಡಿ ಬಂದಳು.

ಜುಲೈ ೨೮, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಮಣೆಯ ಮೇಲೆ ಪೂಜೆ ಮಾಡಿದೆ. ಮಠಕ್ಕೆ ಹೋಗಲಿಲ್ಲ, ಹಗ್ಗದ ಕೆಲಸ ಇತ್ತು ಎಂದು ಹೇಳಿಕೊಂಡೆ. ಹಗ್ಗದ ಕೆಲಸ ಇರಲಿಲ್ಲ. ಉಮಾಬಾಯಿ ಒಬ್ಬಳೇ ಹೋದಳು, ಹಿಂದೆ ಚಿಂಗಿ ಹೋಯಿತು. ಮೊದಲ ಜಾಗದಲ್ಲಿ ಗುರುಲಿಂಗಪ್ಪ ಕೂತಿದ್ದ ಎಂದು ಬಂದು ಹೇಳಿದಳು. ನಾನು ಕೇಳಿರಲಿಲ್ಲ, ಆದರೂ ಹೇಳಿದಳು.

ಜುಲೈ ೩೦, ಬುಧವಾರ

ಊರಿನಲ್ಲಿ ನಮ್ಮ ಮನೆಯದೇ ಮಾತು. ಸೋಮವಾರ ಚಿಂಗಿ ಮಠದೊಳಗೆ ಹೋಗಿ ಮಠದ ಸ್ವಾಮಿಗಳಾದ ಅಪ್ಪಾವರ ಗದ್ದುಗೆಯ ಮುಂದೆ ಕಣ್ಣು ಮುಚ್ಚಿ ಕುಳಿತಿತ್ತಂತೆ. ಕೊರಳಲ್ಲಿ ಬಿಳಿ ಹುರಿ, ಎದೆಯ ಮೇಲೆ ಬಿಳಿ ಚೀಲ. ಗುರುಲಿಂಗಪ್ಪ ಅದನ್ನು ನೋಡಿ, ಸಂತೆ, ಅಡತಿ ಅಂಗಡಿ, ಚಹಾದ ಹೋಟೆಲು, ಎಲ್ಲಾ ಕಡೆ ಒಂದೇ ಮಾತು ಹೇಳಿಕೊಂಡು ಬಂದಿದ್ದಾನೆ. "ಶಾಂತವೀರಪ್ಪನ ಮನ್ಯಾಗ ಬೆಕ್ಕಿಗಿ ಲಿಂಗ ಕಟ್ಟ್ಯಾರ. ನಾಳಿಗಿ ನಾಯಿಗೂ ಕಟ್ತಾರ."

ವಲಾಂಡಿಯ ನೆಂಟರು ಕೂಡ ಫೋನ್ ಮಾಡಿ ಹೌದೇನು ಎಂದು ಕೇಳಿದರು. ನಿಲೇಶ ಹೆದರಿದ್ದಾನೆ, ಇದೆಲ್ಲ ನಿಲ್ಲಿಸೋಣ ಎನ್ನುತ್ತಾನೆ. ದೀಪಾಲಿ ಹೊಲಿಗೆಯ ಡಬ್ಬಿ ಮುಚ್ಚಿ ಅಟ್ಟದ ಮೇಲೆ ಇಟ್ಟಳು. ಅದನ್ನು ನೋಡಿ ನನಗೆ ಬಂದ ಸಿಟ್ಟು ಲಕ್ವಾ ಹೊಡೆದ ದಿನವೂ ಬಂದಿರಲಿಲ್ಲ. ಡಬ್ಬಿ ಇಳಿಸು ಎಂದೆ. ಚೀಲ ಹೊಲಿದದ್ದು ನಾನು, ನನಗೆ ಬರುವುದು ಅದೊಂದೇ ಚೀಲ, ಅದಕ್ಕೇ ಹಾಗೆ ಕಾಣುತ್ತದೆ, ಬೈಗುಳ ಬಂದರೆ ನನಗೆ ಬರಲಿ ಎಂದೆ. ಆಕೆ ಇಳಿಸಲಿಲ್ಲ. ನಾನೇ ಸ್ಟೂಲು ಹತ್ತಿ ಎರಡೂ ಕೈಯಲ್ಲಿ ಹಿಡಿದು ಇಳಿಸಿದೆ.

ಶನಿವಾರ ಮಠಕ್ಕೆ ಬರಬೇಕು, ಬೆಕ್ಕನ್ನೂ ಕರೆತರಬೇಕು ಎಂದು ಅಪ್ಪಾವರು ಹೇಳಿಕಳಿಸಿದ್ದಾರೆ.

ಆಗಸ್ಟ್ ೨, ಶನಿವಾರ

ಇವತ್ತಿನದು ಉದ್ದವಾಗಿ ಬರೆಯಬೇಕು.

ಸಂಜೆ ನಾಲ್ಕಕ್ಕೆ ಮಠದ ಪಡಸಾಲೆ ತುಂಬಿತ್ತು. ಮದುವೆಗೆ ಕರೆದರೂ ಇಷ್ಟು ಜನ ಬರುವುದಿಲ್ಲ. ಚಿಂಗಿ ದೀಪಾಲಿಯ ಹೆಗಲಿನ ಜೋಳಿಗೆಯೊಳಗಿಂದ ತಲೆ ಹೊರಗೆ ಹಾಕಿ ಎಲ್ಲರನ್ನೂ ನೋಡುತ್ತಿತ್ತು. ಆ ಜೋಳಿಗೆ ಎಲ್ಲಿ ಸಿಗುತ್ತದೆ ಎಂದು ಇಬ್ಬರು ಹೆಂಗಸರು ಅಲ್ಲಿಯೇ ಕೇಳಿದರು.

ಗುರುಲಿಂಗಪ್ಪ ಎದ್ದು ನಿಂತು ಧರ್ಮ, ಆಚಾರ, ಹಿರಿಯರು ಎಂದು ಬಹಳ ಹೇಳಿದ. ಅಪ್ಪಾವರು ಪೂರಾ ಕೇಳಿ, "ಬೆಕ್ಕಿಗಿ ದೀಕ್ಷಾ ಕೊಟ್ಟೋರು ಯಾರು? ನಾ ಅಂತೂ ಕೊಟ್ಟಿಲ್ಲ" ಎಂದರು. ಜನ ನಕ್ಕರು. ಆಮೇಲೆ ಅವರು ನನ್ನ ಕಡೆ ತಿರುಗಿ, ಇದು ಶಿವದಾರ ಅಲ್ಲ ಎಂದು ಹೇಗೆ ತಿಳಿಯಬೇಕು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ನೋಡಿದರೆ ಹಾಗೆಯೇ ಕಾಣುತ್ತಿತ್ತು, ಅದನ್ನು ಒಪ್ಪಿಕೊಂಡೆ.

ಶಿವದಾರ ಜಗ್ಗಿದರೆ ಹರಿಯುವುದಿಲ್ಲ, ಇದು ಹರಿಯುತ್ತದೆ ಎಂದೆ. ಗುರುಲಿಂಗಪ್ಪ ತಾನೇ ಜಗ್ಗಲು ಬಂದ. ಬೆಕ್ಕಿನ ಕೊರಳನ್ನೇ ಜಗ್ಗಲು ಹೋದ, ಪೆದ್ದ. ಚಿಂಗಿ ಕಿರುಚಿತು. ನನಗೆ ತಡೆಯಲಿಲ್ಲ. ಅವನನ್ನು ಸರಿಸಿ, ಚೀಲವನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಹುರಿಯನ್ನು ಒಮ್ಮೆ ಜಗ್ಗಿದೆ. ಕುಣಿಕೆ ಎಲ್ಲಿ ಹರಿಯಬೇಕೋ ಅಲ್ಲಿಯೇ ಹರಿಯಿತು. ಚೀಲದ ಬಾಯಿ ಬಿಚ್ಚಿ ಚೀಟಿ ನನ್ನ ಅಂಗೈ ಮೇಲೆ ಬಿತ್ತು. ಏಳು ಸಲ ಕೆಡಿಸಿ ಕಲಿತದ್ದು ಸಾರ್ಥಕವಾಯಿತು ಎಂದು ನನಗೆ ಬಹಳ ಸಂತೋಷವಾಯಿತು. ಅಂಗೈಯನ್ನು ಅಪ್ಪಾವರ ಮುಂದೆ ಚಾಚಿದೆ.

ಯಾಕೋ ಹಿಂದಿನವರೆಲ್ಲ ಕತ್ತು ಚಾಚಿ ನೋಡಿದರು. ಅಪ್ಪಾವರು ಚೀಟಿ ತೆಗೆದುಕೊಳ್ಳದೆ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದರು. ಹಿಂದೆ ಉಮಾಬಾಯಿ ಅಳುವುದು ಕೇಳಿಸಿತು. ಬೆಕ್ಕಿನಿಂದ ಮಾನ ಹೋಯಿತು ಎಂದು ಅಳುತ್ತಾಳೆಂದು ತಿಳಿದು, ಸುಮ್ಮನಿರಲು ಕಣ್ಣಲ್ಲೇ ಹೇಳಿದೆ. ಆಕೆ ಇನ್ನೂ ಜೋರಾಗಿ ಅತ್ತಳು.

ಅಪ್ಪಾವರಿಗೆ ಕನ್ನಡ ಓದಲು ಬರುತ್ತದೆ ಎಂಬುದು ನನಗೆ ಆಗ ನೆನಪಾಯಿತು. ಅಷ್ಟರಲ್ಲಿ ಅವರು ಗಟ್ಟಿಯಾಗಿ ಓದತೊಡಗಿದ್ದರು.

"ನಾನು ಚಿಂಗಿ. ಮನೆ ಬಟ್ಟೆಯ ಶಾಂತವೀರಪ್ಪನದು. ಉಪವಾಸ ಇರುವಂತೆ ಮುಖ ಮಾಡುತ್ತೇನೆ, ನಂಬಬೇಡಿ. ಮಧ್ಯಾಹ್ನ ನಾನು ಕಾಣದಿದ್ದರೆ ಧಾನ್ಯದ ಗುರುಲಿಂಗಪ್ಪನ ಅಡುಗೆಮನೆಯಲ್ಲಿ ನೋಡಿ. ಅಲ್ಲಿ ನನಗೆ ದಿನಾ ಕೆನೆ ಹಾಕುತ್ತಾರೆ."

ನಾನು ಇದನ್ನು ನೋಡಿ ಬರೆದದ್ದಲ್ಲ. ಮಧ್ಯಾಹ್ನ ಗೋಡೆ ಹಾರಿ ಹೋದ ಬೆಕ್ಕು ಮೂರಕ್ಕೆ ಮೀಸೆ ನೆಕ್ಕುತ್ತಾ ಬರುತ್ತಿತ್ತು, ಅಷ್ಟರ ಮೇಲೆ ಊಹಿಸಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಗುರುಲಿಂಗಪ್ಪ ಎದ್ದು, "ಕೆನಿ ಎಲ್ಲಿ ಹಾಕ್ತೇನ? ಬರೇ ಹಾಲು" ಎಂದ. ಅವನ ಹೆಂಡತಿ ಗಿರಿಜಾಬಾಯಿ ಹೆಂಗಸರ ಸಾಲಿನಿಂದ, ಹಾಲು ಎಲ್ಲಿ ಹೋಗುತ್ತದೆ ಎಂದು ತಾನು ಎರಡು ತಿಂಗಳಿಂದ ಹಾಲಿನವನನ್ನು ಬೈಯುತ್ತಿದ್ದೆ ಎಂದಳು. ಆಮೇಲೆ ಯಾರ ಮಾತು ಯಾರಿಗೂ ಕೇಳಿಸಲಿಲ್ಲ.

ಬಿಳಿಯನ್ನು ಲಿಂಗಕ್ಕೆ ಬಿಡಿ, ಬೆಕ್ಕಿಗೆ ಬಣ್ಣದ ಬಟ್ಟೆ ಹಾಕಿ ಎಂದು ಅಪ್ಪಾವರು ತೀರ್ಪು ಕೊಟ್ಟರು. ಕೈಮುಗಿದು ಒಪ್ಪಿದೆ. ಕೆಂಪು ಹೇಗೂ ಹೆಚ್ಚು ಹೋಗುತ್ತದೆ.

ಆಗಸ್ಟ್ ೩, ರವಿವಾರ

ಬೆಳಿಗ್ಗೆ ಸ್ನಾನ ಮಾಡಿ ಬಂದರೆ ಪೂಜೆಯ ಜಾಗದಲ್ಲಿ ಮಣೆ ಇರಲಿಲ್ಲ. ಕೂಗಿದೆ. ಉಮಾಬಾಯಿ ಬಾಗಿಲಲ್ಲಿ ನಿಂತು ಹೇಳಿದಳು.

"ಕೈ ಅದ ಅಲ್ರಿ. ನಿನ್ನಿ ಇಡೀ ಊರಿಗಿ ತೋರಿಸಿ ಬಂದೀರಿ. ಮಣಿ ಯಾಕ ಬೇಕು?"

ಆಗ ನೋಡಿಕೊಂಡೆ. ಎಡಗೈ ತೊಡೆಯ ಮೇಲೆ ಮೇಲ್ಮುಖವಾಗಿ ಬಿದ್ದಿತ್ತು, ಬಿಚ್ಚಿಕೊಂಡು. ಲಿಂಗ ಇಟ್ಟುಕೊಂಡೆ. ಐದು ನಿಮಿಷ ನಿಂತಿತು. ನಾನೂ ಅತ್ತೆ, ಬರೆಯಲು ನಾಚಿಕೆ ಏನು. ಆ ಚೆಂಡನ್ನು ಅಷ್ಟು ದಿನ ಹಿಸುಕಿದ್ದು ಕೆಲಸ ಮಾಡಿದೆ.

ಆಮೇಲೆ ನೆನಪಾಯಿತು, ಹಿಸುಕಿರಲೇ ಇಲ್ಲ. ಶಿವನ ಇಚ್ಛೆ ಎಂದು ಬಿಟ್ಟೆ.

ಆಗಸ್ಟ್ ೧೬, ಶನಿವಾರ

ಮನೆಯಲ್ಲಿ ಐದು ನಿಮಿಷ, ಆರು ನಿಮಿಷ. ಮಠದಲ್ಲಿ ಅರ್ಧ ಗಂಟೆ, ಅದೂ ಕಣ್ಣಿನ ಎತ್ತರಕ್ಕೆ ಹಿಡಿಯಬೇಕು. ಆರು ನಿಮಿಷದ ಮೇಲೆ ಕೈ ನಡುಗುತ್ತದೆ. ಮನೆಯಲ್ಲಾದರೆ ಸೆರಗಿದೆ. ಇನ್ನೂರು ಜನರ ಮುಂದೆ ಬಿದ್ದರೆ ಆಮೇಲೆ ನಾನು ಈ ಊರಿನಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಹೋಗು ಎನ್ನುತ್ತದೆ ಮನಸ್ಸು, ಬೇಡ ಎನ್ನುತ್ತದೆ ಕೈ.

ದೀಪಾಲಿಗೆ ಹೇಳಿದೆ. ಆಕೆಗೇ ಯಾಕೆ ಹೇಳಿದೆನೋ ಗೊತ್ತಿಲ್ಲ. ನಡುಗಿದರೆ ನಡುಗಲಿ ಮಾಮಾ, ಬರೀ ಗೂಟವಾಗಿದ್ದಾಗ ನಡುಗುತ್ತಿರಲಿಲ್ಲ ಎಂದಳು. ಅದು ಸಮಾಧಾನವೋ ಚೇಷ್ಟೆಯೋ ತಿಳಿಯಲಿಲ್ಲ. ಕೆಂಪು ಚೀಲ ಇಪ್ಪತ್ತೆರಡು ಬಾಕಿ ಇವೆ.

ಆಗಸ್ಟ್ ೧೮, ಸೋಮವಾರ

ಹೋದೆ.

ಮೊದಲ ಸಾಲಿನ ಮೊದಲ ಜಾಗದಲ್ಲಿ ಗುರುಲಿಂಗಪ್ಪ ಆಗಲೇ ಕೂತಿದ್ದ. ನಾನು ಮೂರನೇ ಸಾಲಿಗೆ ಹೊರಟೆ. ಅವನು ನನ್ನನ್ನು ನೋಡದೆ ತನ್ನ ಆಸನವನ್ನು ಎಳೆದುಕೊಂಡು ಒಂದು ಜಾಗ ಸರಿದ. ಚೀಟಿಯ ದಿನದಿಂದ ಅವನು ನನ್ನ ಜೊತೆ ಮಾತಾಡಿರಲಿಲ್ಲ. ಕೂತೆ. ಅವನು ನನ್ನ ಎಡಕ್ಕೆ.

ನೀರು, ವಿಭೂತಿ, ಪತ್ರಿ ಎಲ್ಲ ಏರಿಸಿಯಾಯಿತು. ಲಿಂಗವನ್ನು ಎತ್ತಿ ಹಿಡಿದು ದೃಷ್ಟಿ ನೆಡುವ ಹೊತ್ತು ಬಂತು. ಇನ್ನೂರು ಅಂಗೈಗಳು ಮೇಲೆದ್ದವು, ನನ್ನದೂ ಎದ್ದಿತು. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿದೆ, ಎಣಿಸಬಾರದು ಎಂದು ಗೊತ್ತಿದ್ದೂ. ಏಳನೆಯ ನಿಮಿಷಕ್ಕೆ ಕಿರುಬೆರಳು ಶುರು ಮಾಡಿತು, ಆಮೇಲೆ ಮಣಿಕಟ್ಟು. ಪತ್ರಿಯ ಒಂದು ಎಲೆ ಜಾರಿ ಬಿತ್ತು. ಬಲಗೈ ಆಸರೆ ಕೊಡಲು ನೋಡಿದೆ, ಅದರಲ್ಲಿ ಜಪಮಣಿ ಇತ್ತು, ಅದನ್ನು ಬಿಡುವ ಗಡಿಬಿಡಿಯಲ್ಲಿ ಇನ್ನೂ ಓರೆಯಾಯಿತು. ಶಿವಾ, ಇಲ್ಲಿ ಬೇಡ ಎಂದುಕೊಂಡೆ.

ಅಷ್ಟರಲ್ಲಿ ಕೆಳಗಿನಿಂದ ಒಂದು ಕೈ ಬಂತು. ನನ್ನ ಕೈಯ ಹಿಂಭಾಗಕ್ಕೆ ಆನಿಸಿ ನಿಂತಿತು. ಒರಟು ಕೈ, ಜೋಳದ ಚೀಲ ಎತ್ತಿ ಎತ್ತಿ ಗಡಸಾದದ್ದು. ತಿರುಗಿ ನೋಡುವಂತಿರಲಿಲ್ಲ, ದೃಷ್ಟಿ ಲಿಂಗದ ಮೇಲಿರಬೇಕು. ಓರೆಗಣ್ಣಿನಲ್ಲಿ ಕಂಡದ್ದು ಇಷ್ಟೇ. ಗುರುಲಿಂಗಪ್ಪ ನೇರ ಮುಂದೆ ನೋಡುತ್ತಿದ್ದ. ಅವನ ಲಿಂಗ ಹಿಡಿದ ಎಡಗೈ ಮೇಲೆದ್ದಿರಲಿಲ್ಲ, ಹೆಗಲ ಮೇಲೆ ಹೊದೆಯುವ ಉಪರಣೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟು ಅದರ ಮೇಲೆ ಊರಿದ್ದ. ಆ ಉಪರಣೆ ಅಲುಗುತ್ತಿತ್ತು.

ಉಳಿದ ಹೊತ್ತು ನಾವಿಬ್ಬರೂ ಹಾಗೆಯೇ ಇದ್ದೆವು. ನಾನು ಎಣಿಸುವುದನ್ನು ಬಿಟ್ಟೆ.

ಮಂಗಳಾರತಿಯಾಗಿ ಜನ ಪ್ರಸಾದಕ್ಕೆ ಎದ್ದರು. ಅವನು ಲಿಂಗವನ್ನು ವಸ್ತ್ರದಲ್ಲಿ ಸುತ್ತಲು ಬಹಳ ಹೊತ್ತು ತೆಗೆದುಕೊಂಡ. ಗಂಟು ಬೀಳುತ್ತಿರಲಿಲ್ಲ. ನಾನು ಹಾಕಿ ಕೊಟ್ಟೆ. ಆಗ ಮೆಲ್ಲಗೆ ಹೇಳಿದ.

"ನನ್ನ ಕೈ ಹಿಂಗ ಆಗಿ ವರ್ಷ ಆಯ್ತು, ಶಾಂತವೀರಾ. ಮನ್ಯಾಗ ಯಾರಿಗೂ ಹೇಳಿಲ್ಲ. ಆ ಬೆಕ್ಕಿನ ಹುರಿ ನನಗೂ ಕಲಿಸು."

ಅವನ ಕೈಗೂ ಬೆಕ್ಕಿನ ಹುರಿಗೂ ಏನು ಸಂಬಂಧ ಎಂದು ಕೇಳಬೇಕೆಂದಿದ್ದೆ. ಅವನ ಮುಖ ನೋಡಿ ಕೇಳಲಿಲ್ಲ. ನಾಳೆ ಹತ್ತಕ್ಕೆ ಬಾ, ಹಳೆಯ ಧೋತರ ಉಟ್ಟುಕೊಂಡು ಬಾ, ಬೆಕ್ಕಿನ ಕೂದಲು ಹೋಗುವುದಿಲ್ಲ ಎಂದೆ. ಮೊದಲ ವಾರ ಬರೀ ಗೂಟದ ಕೆಲಸ ಎಂದೂ ಹೇಳಿದೆ. ಒಪ್ಪಿಕೊಂಡ.